ಹಳೇ ಡಿ90 ಸಾಕಾ, ಹೊಸ ಬಾಡಿ ಬೇಕಾ? ಯಕ್ಷಗಾನದ ರಾತ್ರಿಗಳಲ್ಲಿ ಮೂರು ಕ್ಯಾಮೆರಾ

ನನ್ನ ನಿಕಾನ್ ಡಿ90 2008ರಲ್ಲಿ ಬಂದ ಮಾಡೆಲ್. ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಅದು. ನಾನು ಕೊಂಡದ್ದು 2010ರಲ್ಲಿ. ಅಂದಿನಿಂದ ಯಕ್ಷಗಾನ ಮೇಳಗಳ ತಿರುಗಾಟ ಶುರುವಾದರೆ ಪತ್ತನಾಜೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ತನಕ ಎಷ್ಟೋ ರಾತ್ರಿ ಅದರ ಜೊತೆ ಗದ್ದೆಯಲ್ಲಿ ಕಳೆದಿದ್ದೇನೆ. ಎರಡು ವರ್ಷದಿಂದ ಮಾತ್ರ ಒಂದೇ ಪ್ರಶ್ನೆ ಕಾಡುತ್ತಿತ್ತು. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬದಲಿಸಬೇಕಾ?

ಅಂಕಿಅಂಶ ಓದಿ ತೀರ್ಮಾನ ಮಾಡುವುದು ಬೇಡ ಅನ್ನಿಸಿತು. ಗೆಳೆಯನ ನಿಕಾನ್ ಡಿ7200 ಕೇಳಿ ಪಡೆದೆ, ಅದರ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಡಿ90ಯಷ್ಟೇ ಅಳತೆಯದು. ದೊಡ್ಡ, ಫುಲ್ ಫ್ರೇಮ್ ಸೆನ್ಸರಿನ ಒಂದು ನಿಕಾನ್ ಡಿ750 ಬಾಡಿಗೆಗೆ ತಂದೆ. ಪುತ್ತೂರು ಕಡೆ ಮೂರು ಆಟಗಳಿಗೆ (ಯಕ್ಷಗಾನ ಪ್ರದರ್ಶನಗಳಿಗೆ) ಮೂರೂ ಕ್ಯಾಮೆರಾ ಹೊತ್ತುಕೊಂಡು ಹೋದೆ. ಲೆನ್ಸ್ ಮೂರಕ್ಕೂ ಅವೇ: ನನ್ನ ಹಳೇ 50 ಎಂಎಂ ಎಫ್ 1.8 ಡಿ, ಮತ್ತು ಗೆಳೆಯನದೇ ಒಂದು 85 ಎಂಎಂ ಎಫ್ 1.8.

ಮೊದಲು ಚೌಕಿ. ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಬಲ್ಬಿನ ಬೆಳಕಲ್ಲಿ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ, ಅಂದರೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕಿ, ಇಡುತ್ತಾರೆ. ಜಾಸ್ತಿ ಅಲುಗಾಡುವುದಿಲ್ಲ. 50 ಎಂಎಂ ಹಾಕಿದ ಡಿ90 ಐಎಸ್‌ಒ 800ರಲ್ಲಿ (ಐಎಸ್‌ಒ ಏರಿಸಿದಷ್ಟು ಕಡಿಮೆ ಬೆಳಕು ಸಾಕು, ಆದರೆ ಚಿತ್ರ ಕಾಳುಕಾಳಾಗುತ್ತದೆ) ತೆಗೆದ ಚಿತ್ರವನ್ನೂ ಡಿ750 ಚಿತ್ರವನ್ನೂ ಎ4 ಅಳತೆಗೆ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟೆ. ಮನೆಯವರಿಗೆ ತೋರಿಸಿದೆ. ಯಾವುದು ಯಾವ ಕ್ಯಾಮೆರಾದ್ದು ಅಂತ ಯಾರಿಗೂ ಹೇಳಲಾಗಲಿಲ್ಲ. ಡಿ90ಯ ಚಿತ್ರ 4288 x 2848 ಪಿಕ್ಸೆಲ್. ಇಂಚಿಗೆ 300 ಚುಕ್ಕಿ ಅಂತ ಹಿಡಿದರೂ 14 ಇಂಚು ಅಗಲ ಬರುತ್ತದೆ, ಎ4ಗಿಂತ ದೊಡ್ಡದು. ಕಲಾವಿದರಿಗೆ ನಾನು ಕೊಡುವುದು ಎ4 ಪ್ರಿಂಟ್. ಹಾಗಾದರೆ ಉಳಿದೆರಡರ 24 ಮೆಗಾಪಿಕ್ಸೆಲ್ ನನಗೆ ಯಾಕೆ, ಅಲ್ವಾ?

ಇನ್ನೊಂದು ವಿಷಯವೂ ಅಲ್ಲೇ ಗೊತ್ತಾಯಿತು. ಇಷ್ಟು ವರ್ಷ ನಾನು ಆಟದುದ್ದಕ್ಕೂ ಕ್ಯಾಮೆರಾ ಜೊತೆ ಬಂದ 18-105 ಲೆನ್ಸನ್ನೇ ಬಳಸುತ್ತಿದ್ದೆ. ಜೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್ 5.6ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು). ಎಫ್ 1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಯಾವ ಹೊಸ ಬಾಡಿಯೂ ಅಷ್ಟು ಕೊಡುವುದಿಲ್ಲ. ಡಿ750ರ ಫುಲ್ ಫ್ರೇಮ್ ಸೆನ್ಸರ್ ಕೂಡ ವಿಸ್ತಾರದಲ್ಲಿ ನನ್ನ ಡಿ90 ಸೆನ್ಸರಿನ ಎರಡೂಕಾಲು ಪಟ್ಟು, ಅಷ್ಟೇ. ಚಿತ್ರ ಕಾಳುಕಾಳಾಗುತ್ತದೆ ಅಂತ ನನಗಿದ್ದ ಬೇಸರದಲ್ಲಿ ಅರ್ಧಕ್ಕಿಂತ ಹೆಚ್ಚು ಲೆನ್ಸಿನದು.

ಉಳಿದದ್ದು ಬಾಡಿಯದೇ. ಅದು ತಿಳಿದದ್ದು ರಂಗಸ್ಥಳದ ಎದುರು.

ಎರಡನೇ ರಾತ್ರಿ ಮಹಿಷಾಸುರನ ಪ್ರವೇಶ ಇತ್ತು. ನೋಡಿದವರಿಗೆ ಗೊತ್ತು. ಪ್ರೇಕ್ಷಕರ ಹಿಂದಿನಿಂದ ದೊಂದಿ ಹಿಡಿದುಕೊಂಡು ಬರುತ್ತಾರೆ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ, ಮರುಕ್ಷಣ ಮತ್ತೆ ಕತ್ತಲು. ಚೆಂಡೆಯ ಪೆಟ್ಟಿಗೆ ಎದೆ ನಡುಗುತ್ತದೆ. ಈ ಗಳಿಗೆಗಾಗಿ ನಾನು ಎಷ್ಟು ದೂರ ಬೇಕಾದರೂ ಹೋಗುತ್ತೇನೆ.

ಡಿ90ಯಲ್ಲಿ 11 ಫೋಕಸ್ ಬಿಂದುಗಳಿವೆ. ಕತ್ತಲಲ್ಲಿ ನಂಬಬಹುದಾದದ್ದು ನಡುವಿನದು ಒಂದೇ. ವೇಷ ನಡೆದು ಬರುವಾಗ ಲೆನ್ಸ್ ಹಿಂದೆ ಮುಂದೆ ಹುಡುಕಾಡಿತು. ಹತ್ತು ಚಿತ್ರಗಳಲ್ಲಿ ಎರಡೋ ಮೂರೋ ಸರಿ ಬಂದವು. 2015ರ ಡಿ7200ರಲ್ಲಿ 51 ಬಿಂದುಗಳಿವೆ. ಡಿ90ಯ ಫೋಕಸ್ ಮೈನಸ್ 1 ಇವಿ (ಬೆಳಕಿನ ಅಳತೆ, ಒಂದು ಇಳಿದರೆ ಬೆಳಕು ಅರ್ಧ) ತನಕ ಕೆಲಸ ಮಾಡಿದರೆ ಇದು ಮೈನಸ್ 3ರ ತನಕ ಮಾಡುತ್ತದೆ. ಅಂದರೆ ನಾಲ್ಕನೇ ಒಂದು ಪಾಲು ಬೆಳಕಿದ್ದರೂ ಸಾಕು. ಅದೇ 50 ಎಂಎಂ ಲೆನ್ಸ್, ಆದರೂ ಹತ್ತರಲ್ಲಿ ಆರೇಳು ಸಿಕ್ಕವು. ಆ ಒಂದು ಪ್ರವೇಶಕ್ಕೇ ನನ್ನ ಮನಸ್ಸು ಮುಕ್ಕಾಲು ಭಾಗ ವಾಲಿತ್ತು.

ಡಿ750 ಫೋಕಸ್‌ನಲ್ಲಿ ಡಿ7200ಕ್ಕೆ ಸಮ. ಚಿತ್ರ ಮಾತ್ರ ಇನ್ನೂ ಚೊಕ್ಕ. ನನ್ನ ಕಣ್ಣಿಗೆ ಡಿ90 ಐಎಸ್‌ಒ 1600ರ ತನಕ ಪರವಾಗಿಲ್ಲ, ಡಿ7200 ಸುಮಾರು 4000ದ ತನಕ, ಡಿ750 6400 ದಾಟಿದರೂ ಚಂದ. ಅದರ ಸ್ಕ್ರೀನ್ ಮಡಚಿ ಮೇಲೆತ್ತಬಹುದು. ನೆಲದಲ್ಲಿ ಚಾಪೆ ಹಾಕಿ ಕೂತು ಕೆಳಗಿನಿಂದ ತೆಗೆಯುವವರಿಗೆ ಅದು ದೊಡ್ಡ ಉಪಕಾರ. ಆಸೆ ಆಗಲಿಲ್ಲ ಅಂದರೆ ಸುಳ್ಳು.

ಆದರೆ ಲೆನ್ಸಿನ ಲೆಕ್ಕ ನೋಡಿ. ಚಾಪೆಯಿಂದ ರಂಗಸ್ಥಳದ ನಡುವಿಗೆ ಸುಮಾರು ಐದು ಮೀಟರ್. ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ ಹಿಡಿದರೆ ಡಿ7200ರಲ್ಲಿ 50 ಎಂಎಂ ಲೆನ್ಸಿಗೆ ಕಿರೀಟದಿಂದ ಗೆಜ್ಜೆ ತನಕ ಇಡೀ ವೇಷ ಹಿಡಿಸುತ್ತದೆ. ಡಿ750ರ ಸೆನ್ಸರ್ ದೊಡ್ಡದು, ಅಲ್ಲಿ ಹೆಚ್ಚುಕಡಿಮೆ ಅದೇ ಚೌಕಟ್ಟು ಬೇಕಾದರೆ 85 ಎಂಎಂ ಬೇಕು. ಅದು ನನ್ನ ಬಳಿ ಇಲ್ಲ. 18-105 ಸಣ್ಣ ಸೆನ್ಸರಿಗೆ ಮಾಡಿದ ಲೆನ್ಸ್, ಅದನ್ನು ಹಾಕಿದರೆ ಡಿ750 ಚಿತ್ರವನ್ನು ಕತ್ತರಿಸಿ ಸುಮಾರು 10 ಮೆಗಾಪಿಕ್ಸೆಲ್ಲಿಗೆ ಇಳಿಸುತ್ತದೆ, ಡಿ90ಗಿಂತಲೂ ಕಡಿಮೆ. ಹಾಗಾಗಿ ಬಾಡಿಯ ಜೊತೆ ಎರಡು ಲೆನ್ಸೂ ಕೊಳ್ಳಬೇಕು. ಫೋಕಸ್ ಬಿಂದುಗಳು ಕೂಡ ಡಿ750ರಲ್ಲಿ ನಡುವಲ್ಲೇ ಗುಂಪಾಗಿವೆ. ನಿಲ್ಲಿಸಿ ಹಿಡಿದಾಗ ಮುಖ ಚೌಕಟ್ಟಿನ ಮೇಲ್ತುದಿಯಲ್ಲಿರುತ್ತದೆ, ಬಿಂದು ಅಲ್ಲಿಗೆ ಎಟುಕುವುದಿಲ್ಲ. ಡಿ7200ರಲ್ಲಿ ಬಿಂದುಗಳು ಚೌಕಟ್ಟಿನ ಹೆಚ್ಚಿನ ಭಾಗಕ್ಕೆ ಹರಡಿವೆ.

ಧೀಂಗಿಣದಲ್ಲಿ, ಅಂದರೆ ವೇಷಧಾರಿ ಗಿರಗಿರ ತಿರುಗಿ ಹಾರುವ ಕುಣಿತದಲ್ಲಿ, ಮೂರೂ ಸೋತವು. ಸುತ್ತು ಹಾಕಿ ಹಾರುವಾಗ ಕನಿಷ್ಠ 1/500 ಸೆಕೆಂಡ್ ಶಟರ್ ಬೇಕು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಚಿತ್ರದಲ್ಲಿ ಅಡ್ಡ ಪಟ್ಟಿ ಬೀಳುತ್ತದೆ, ಒಂದು ಚಿತ್ರದ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ವೇಷ ಮಸುಕು. ನಿಕಾನಿನದೇ ಡಿ500ರಲ್ಲಿ ಮಿನುಗು ನೋಡಿ ಶಟರ್ ಬಿಡುವ ವ್ಯವಸ್ಥೆ ಇದೆ, ಈ ಮೂರರಲ್ಲಿ ಇಲ್ಲ. ಧೀಂಗಿಣವೇ ಮುಖ್ಯ ಅನ್ನುವವರು ಅದನ್ನೇ ನೋಡಲಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಯಾಕೆ ನೋಡಲಿಲ್ಲ ಅಂತ ಕೇಳಬಹುದು. ನನ್ನ 50 ಎಂಎಂ ಲೆನ್ಸಿನೊಳಗೆ ಮೋಟಾರ್ ಇಲ್ಲ, ಬಾಡಿಯ ಮೋಟಾರೇ ಅದನ್ನು ತಿರುಗಿಸಬೇಕು. ಹಳೇ ಲೆನ್ಸನ್ನು ಮಿರರ್‌ಲೆಸ್ ಬಾಡಿಗೆ ಜೋಡಿಸುವ ನಿಕಾನಿನ ಎಫ್‌ಟಿಜಡ್ ಅಡಾಪ್ಟರಿನಲ್ಲಿ ಆ ಮೋಟಾರ್ ಇಲ್ಲ. ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ.

ಕೊನೆಗೆ ಬಳಸಿದ ಡಿ7200 ಒಂದನ್ನು ಕೊಂಡೆ. ಅದರ ಶಟರನ್ನು 1,50,000 ಹೊಡೆತಕ್ಕೆ (ಕ್ಲಿಕ್ಕಿಗೆ) ಪರೀಕ್ಷಿಸಿರುತ್ತಾರೆ. ಹಾಗಾಗಿ ಎಷ್ಟು ಹೊಡೆತ ಆಗಿದೆ ಅಂತ ಮೊದಲು ನೋಡಿದೆ, ಐದನೇ ಒಂದು ಪಾಲೂ ಆಗಿರಲಿಲ್ಲ. ಫೈಲುಗಳು ಮಾತ್ರ ಡಿ90ಯದಕ್ಕಿಂತ ಎರಡು ಪಟ್ಟಿಗೂ ದೊಡ್ಡವು, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮಹಿಷಾಸುರ ವೇಷಧಾರಿಗೆ ಪ್ರಿಂಟ್ ಕೊಟ್ಟಾಗ ಅವರು ಅದನ್ನು ದೀಪದ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. "ರಾಳದ ಕಿಡಿ ಸಮೇತ ಬಂದಿದೆಯಲ್ಲ ಮಾರಾಯ್ರೇ" ಅಂದರು.

ಡಿ90 ಮಾರಲಿಲ್ಲ. ತಂಗಿಯ ಮಗಳು ಈಗ ಅದನ್ನು ಹಿಡಿದು ಚೌಕಿಯಲ್ಲಿ ಕೂರುತ್ತಾಳೆ, ಚುಟ್ಟಿ ಇಡುವುದನ್ನು ಮೊದಲಿನಿಂದ ಕೊನೆಯ ತನಕ ತೆಗೆಯುತ್ತಾಳೆ. ವೇಷ ರಂಗಸ್ಥಳಕ್ಕೆ ಹೊರಟಾಗ 50 ಎಂಎಂ ಲೆನ್ಸ್ ಬಿಚ್ಚಿ ನನ್ನ ಕೈಗೆ ಕೊಡುತ್ತಾಳೆ.