ಹಳೆ ಮಾರುತಿಯ ಆಯಿಲ್ ಸೋರಿಕೆ: ದಪ್ಪ ಆಯಿಲ್, ಬಾಟಲಿ ಔಷಧಿ, ಪೇಸ್ಟ್, ಹೊಸ ಪ್ಯಾಕಿಂಗ್

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದೆ. ಕಳೆದ ವರ್ಷ ಆ ಫರಸಿಯ ಮೇಲೆ ಕರಿ ಕಲೆ ಬೀಳೋಕೆ ಶುರುವಾಯಿತು. ಮೊದಲು ರೂಪಾಯಿ ನಾಣ್ಯದಷ್ಟಿತ್ತು, ಆಮೇಲೆ ಅಂಗೈಯಷ್ಟಾಯಿತು. ಅವ್ವ ರಂಗೋಲಿ ಹಾಕುವ ಜಾಗಕ್ಕೂ ಎಣ್ಣೆ ಹರಿದು ಬಂದ ದಿನ, "ಗಾಡಿ ಎಲ್ಲೆರ ತೋರಸಪಾ, ನಿಮ್ಮ ಅಪ್ಪಾರ ಗಾಡಿ ಅದು" ಅಂದಳು.

ಗಾಡಿ 2004ರ ಮಾರುತಿ 800. ಅಪ್ಪ ಹೊಸದಾಗಿ ಕೊಂಡಿದ್ದು. ಮೀಟರ್ 1,38,000 ಕಿ.ಮೀ. ದಾಟಿದೆ. ಮಾರುವ ಮಾತೇ ಇಲ್ಲ. ಈ ಕಾರು ತಯಾರಾಗೋದು 2014ರಲ್ಲೇ ನಿಂತಿತು. ಆದರೆ ಇದೇ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ ಆಮ್ನಿಗೂ ಇತ್ತು. ನಮ್ಮ ಕಡೆ ಆಮ್ನಿ ಇಲ್ಲದ ಓಣಿ ಯಾವುದಿದೆ? ಹಾಗಾಗಿ ಪ್ಯಾಕಿಂಗ್ (ಎರಡು ಭಾಗ ಸೇರುವ ಕಡೆ ಆಯಿಲ್ ಸೋರದ ಹಾಗೆ ನಡುವೆ ಇಡುವ ಪಟ್ಟಿ), ಸೀಲು (ತಿರುಗುವ ದಂಡದ ಸುತ್ತ ಕೂರುವ ರಬ್ಬರ್ ಬಳೆ) ಹುಬ್ಬಳ್ಳಿಯಲ್ಲಿ ಇವತ್ತಿಗೂ ಸಲೀಸಾಗಿ ಸಿಗುತ್ತವೆ.

ನಾನು ದಿನಾ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋಗಿ ಬರುತ್ತೇನೆ. ತಿಂಗಳಿಗೆ ಹತ್ತಿರ ಹತ್ತಿರ 1000 ಕಿ.ಮೀ. ಆಗುತ್ತದೆ. ಸೋರಿಕೆ ಅಳೆಯೋಕೆ ಇದು ಅನುಕೂಲವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಆಯಿಲ್ ಮಟ್ಟ ತೋರಿಸುವ ಕಡ್ಡಿ ಅಂದರೆ ಡಿಪ್‌ಸ್ಟಿಕ್ ನೋಡುತ್ತಿದ್ದೆ. ಕಡಿಮೆಯಾದಷ್ಟು ಆಯಿಲನ್ನು ಅಳತೆ ಗೆರೆ ಇರುವ ಬಾಟಲಿಯಿಂದ ಹಾಕಿ ಡೈರಿಯಲ್ಲಿ ಬರೆದಿಡುತ್ತಿದ್ದೆ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು. ಶುರುವಿನ ಲೆಕ್ಕ ತಿಂಗಳಿಗೆ 400 ಎಂಎಲ್. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ. ಅಂದರೆ ಆಯಿಲ್ ಒಳಗೆ ಉರಿಯುತ್ತಿಲ್ಲ, ಹೊರಗೇ ಹೋಗುತ್ತಿದೆ. ಇದನ್ನು ಮೊದಲೇ ನೋಡಿಕೊಳ್ಳಿ. ನೀಲಿ ಹೊಗೆ ಇದ್ದರೆ ಅದು ಬೇರೆಯೇ ರೋಗ, ಈ ಬರಹ ಅದಕ್ಕೆ ಉಪಯೋಗವಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಬಗ್ಗಿ ಒಂದು ನಿಮಿಷ ನೋಡಿದರು. "ಗೇರ್‌ಬಾಕ್ಸ್ ಕಡೆ ಸೀಲ್ ಹೋಗೈತ್ರಿ. ಗೇರ್‌ಬಾಕ್ಸ್ ಇಳಿಸಬೇಕು, ಆರು ಸಾವಿರ ಆಗತೈತಿ" ಅಂದರು. ಆರು ಸಾವಿರ ಅಂದ ಕೂಡಲೇ ನಾನು ಕಡಿಮೆ ಖರ್ಚಿನ ದಾರಿ ಹುಡುಕತೊಡಗಿದೆ.

ಡಿಸೆಂಬರಿನಲ್ಲಿ ದಪ್ಪ ಆಯಿಲ್ ಹಾಕಿಸಿದೆ. ಮೊದಲು 20ಡಬ್ಲ್ಯು-40 ಗ್ರೇಡ್ ಇತ್ತು, ಅದರ ಬದಲು 20ಡಬ್ಲ್ಯು-50. ಮೂರು ಲೀಟರ್ ಆಯಿಲು, ಫಿಲ್ಟರು ಸೇರಿ ಸುಮಾರು 1,300 ರೂಪಾಯಿ. ಕೊನೆಯ ಅಂಕಿ ಇಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ಗಟ್ಟಿಯಾಗಿರುತ್ತದೆ ಅಂತ ಹೇಳುತ್ತದೆ. ಗಟ್ಟಿ ಆಯಿಲ್ ಸಣ್ಣ ಸಂದಿಯಿಂದ ನಿಧಾನಕ್ಕೆ ಹೊರಬರುತ್ತದೆ, ಅಷ್ಟೇ. ಸಂದಿ ಮುಚ್ಚೋದಿಲ್ಲ. ತಿಂಗಳಿಗೆ 400 ಇದ್ದದ್ದು 300 ಎಂಎಲ್‌ಗೆ ಇಳಿಯಿತು. ಆದರೆ ಧಾರವಾಡದ ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದರೆ ಎರಡು ಮೂರು ಸೆಕೆಂಡ್ ಇಂಜಿನ್ನಿನ ಮೇಲ್ಭಾಗದ ಟ್ಯಾಪೆಟ್ ಕಟಕಟ ಅನ್ನುತ್ತಿತ್ತು. ಆಯಿಲ್ ಮೇಲೆ ಏರೋಕೆ ತಡವಾಗುತ್ತಿದೆ ಅಂತ ನನಗೆ ಅನ್ನಿಸಿತು. ಫೆಬ್ರವರಿ ಕೊನೆಗೆ ಬಿಸಿಲು ಏರಿದಾಗ ಸೋರಿಕೆಯೂ 350ಕ್ಕೆ ಏರಿತು. 50 ಎಂಎಲ್ ಉಳಿತಾಯಕ್ಕೆ ದಿನಾ ಆ ಸದ್ದು ಕೇಳೋದು ನನಗೆ ಬೇಡವಾಯಿತು. ಈ ದಾರಿಯನ್ನು ನಾನು ಯಾರಿಗೂ ಹೇಳೋದಿಲ್ಲ.

ಮಾರ್ಚಿನಲ್ಲಿ ಹಳೆ ಗ್ರೇಡಿಗೇ ವಾಪಸ್ ಬಂದು, ಅದರ ಜೊತೆ ಸೋರಿಕೆ ನಿಲ್ಲಿಸುವ ಬಾಟಲಿ ಹಾಕಿದೆ. ಸ್ಟಾಪ್ ಲೀಕ್ ಅಂತ ಬರುತ್ತದಲ್ಲ, ಅದು. ನನಗೆ 450 ರೂಪಾಯಿಗೆ ಸಿಕ್ಕಿತು. ಇದರ ಬಗ್ಗೆ ಜನ ಎರಡು ಥರ ಮಾತಾಡುತ್ತಾರೆ. ಒಬ್ಬರಿಗೆ ಅದು ಅಮೃತ, ಇನ್ನೊಬ್ಬರಿಗೆ ಶುದ್ಧ ಮೋಸ. ನನ್ನ ಅನುಭವದಲ್ಲಿ ಎರಡೂ ಅಲ್ಲ. ರಬ್ಬರ್ ಸೀಲು ವರ್ಷಗಟ್ಟಲೆ ಬಿಸಿ ತಿಂದು ಒಣಗಿ, ಕಲ್ಲಿನಂತಾಗಿ, ಕುಗ್ಗುತ್ತದೆ. ಈ ಔಷಧಿ ಆ ರಬ್ಬರನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಮೊದಲ 600 ಕಿ.ಮೀ. ಏನೂ ಗೊತ್ತಾಗಲಿಲ್ಲ. ಆಮೇಲೆ ರಟ್ಟಿನ ಮೇಲೆ ಟೈಮಿಂಗ್ ಬೆಲ್ಟ್ (ಇಂಜಿನ್ನಿನ ಮೇಲಿನ, ಕೆಳಗಿನ ಭಾಗಗಳನ್ನು ಜೊತೆಯಾಗಿ ತಿರುಗಿಸುವ ಪಟ್ಟಿ) ಕಡೆಯ ಹನಿಗಳು ನಿಂತವು. ಗೇರ್‌ಬಾಕ್ಸ್ ಕಡೆಯ ಹನಿ ಇದ್ದ ಹಾಗೇ ಇತ್ತು. ಲೆಕ್ಕ 250ಕ್ಕೆ ಬಂತು.

ಆಗಲೇ ನಾನು ಯೋಚನೆ ಮಾಡಬೇಕಿತ್ತು. ಒಂದೇ ಔಷಧಿಗೆ ಒಂದು ಕಡೆ ನಿಂತು ಇನ್ನೊಂದು ಕಡೆ ನಿಲ್ಲಲಿಲ್ಲ ಅಂದರೆ, ಸೋರುತ್ತಿರುವ ಜಾಗ ಒಂದಲ್ಲ. ಒಂದು ಕಡೆ ರಬ್ಬರ್ ಸೀಲು, ಇನ್ನೊಂದು ಕಡೆ ಬೇರೇನೋ. ಆದರೆ ನಾನು 250ಕ್ಕೇ ಸಮಾಧಾನ ಪಟ್ಟೆ. ಮೇ ಕೊನೆಯಲ್ಲಿ ಆಯಿಲ್ ಬದಲಿಸಿದೆ. ಎರಡು ವಾರದಲ್ಲಿ ಬೆಲ್ಟ್ ಕಡೆಯ ಹನಿ ಮತ್ತೆ ಶುರುವಾಯಿತು. ಪ್ರತಿ ಸಲ ಆಯಿಲ್ ಜೊತೆ ಬಾಟಲಿಯನ್ನೂ ಹಾಕುತ್ತಾ ಹೋದರೆ ರಬ್ಬರ್ ಅತಿಯಾಗಿ ಮೆತ್ತಗಾಗುತ್ತದೆ, ಚೆನ್ನಾಗಿರುವ ಸೀಲುಗಳೂ ಕೆಡುತ್ತವೆ. ಹಾಗಾಗಿ ಎರಡನೇ ಬಾಟಲಿ ತರಲಿಲ್ಲ.

ಪೇಸ್ಟಿನ ಕಥೆ ಚಿಕ್ಕದು. ಉಣಕಲ್ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಟ್ಯಾಪೆಟ್ ಕವರಿನಿಂದ (ಇಂಜಿನ್ನಿನ ಮೇಲಿನ ಮುಚ್ಚಳ) ಇಳಿದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತಿತ್ತು. ಜೂನಿನಲ್ಲಿ ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ ಕವರ್ ಬಿಚ್ಚಿ, ಹಳೆ ಪ್ಯಾಕಿಂಗ್ ಮೇಲೆಯೇ ಸುತ್ತಲೂ ಸಿಲಿಕಾನ್ ಪೇಸ್ಟ್ ಹಚ್ಚಿ, ಬೋಲ್ಟುಗಳನ್ನು ಬಲವಾಗಿ ಬಿಗಿದರು. 250 ರೂಪಾಯಿ, ಅರ್ಧ ಗಂಟೆಯ ಕೆಲಸ. ಪೇಸ್ಟ್ ಪೂರ್ತಿ ಗಟ್ಟಿಯಾಗೋಕೆ ಒಂದು ದಿನ ಬೇಕು. ನಾನು ಅಲ್ಲಿಂದಲೇ ಗಾಡಿ ಓಡಿಸಿಕೊಂಡು ಬಂದೆ. ಮೂರು ವಾರ ಆ ಸೋರಿಕೆ ನಿಂತಿತ್ತು. ಗದಗಕ್ಕೆ ಮದುವೆಗೆ ಹೋದ ದಿನ ಅಣ್ಣಿಗೇರಿ ದಾಟುವಷ್ಟರಲ್ಲಿ ಮತ್ತೆ ವಾಸನೆ.

ಪೇಸ್ಟಿನ ದೊಡ್ಡ ಅಪಾಯ ಅದಲ್ಲ. ಜಾಸ್ತಿ ಹಚ್ಚಿದರೆ ಹೊರಗೆ ಕಾಣುವಷ್ಟೇ ಪೇಸ್ಟ್ ಕವರಿನ ಒಳಗೂ ಉಕ್ಕಿರುತ್ತದೆ. ಅದು ಕಿತ್ತು, ಆಯಿಲ್ ನಿಲ್ಲುವ ಕೆಳಗಿನ ಚೇಂಬರಿಗೆ ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಇಂಜಿನ್ನಿಗೆ ಆಯಿಲೇ ಇಲ್ಲ. ಸೋರುವ ಇಂಜಿನ್ ಆಯಿಲ್ ಹಾಕುತ್ತಿದ್ದರೆ ಓಡುತ್ತದೆ. ಆಯಿಲ್ ಏರದ ಇಂಜಿನ್ ಉಳಿಯೋದಿಲ್ಲ.

ಜುಲೈಯಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ನಾನು ಇಷ್ಟೆಲ್ಲ ಹೇಳಿ ಡೈರಿ ತೋರಿಸಿದೆ. ಅವರು ಪಾನಾ ಮುಟ್ಟಲಿಲ್ಲ. "ಮೊದ್ಲ ತೊಳೀಬೇಕ್ರಿ ಸರ್. ಇಷ್ಟ ಹೊಲಸಿನ್ಯಾಗ ಎಲ್ಲಿಂದ ಸೋರಾಕತ್ತೈತಿ ಅಂತ ಬ್ರಹ್ಮಗೂ ತಿಳಿಯಂಗಿಲ್ಲ" ಅಂದರು. ನಿಜ. ನಮ್ಮ ಎರಿ ಮಣ್ಣಿನ ಧೂಳು ಎಣ್ಣೆಗೆ ಅಂಟಿ ಇಂಜಿನ್ ತುಂಬ ಕರಿ ಮೇಣದ ಹಾಗೆ ಕೂತಿತ್ತು. ಕರೆಂಟಿನ ಭಾಗಗಳಿಗೆ ಪ್ಲಾಸ್ಟಿಕ್ ಕಟ್ಟಿ, ಡೀಸೆಲ್ ಮತ್ತು ಬ್ರಶ್ಶಿನಿಂದ ತಿಕ್ಕಿ, ತೊಳೆದು ಒಣಗಿಸಿದರು. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ಇಂಜಿನ್ ಮೇಲೆ ಉದುರಿಸಿ, ನವನಗರದ ತನಕ ಹೋಗಿ ಬನ್ನಿ ಅಂದರು.

ವಾಪಸ್ ಬಂದು ಬಾನೆಟ್ ಎತ್ತಿದರೆ ಬಿಳಿ ಪೌಡರ್ ಮೇಲೆ ಗೆರೆ ಎಳೆದ ಹಾಗೆ ಎರಡು ಒದ್ದೆ ದಾರಿ. ಒಂದು ಟ್ಯಾಪೆಟ್ ಕವರಿನ ಮೂಲೆಯಿಂದ ಇಳಿದು, ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಹೋಗಿತ್ತು. ಕೆಳಗಿನಿಂದ ನೋಡಿದವರಿಗೆ ಅದು ಗೇರ್‌ಬಾಕ್ಸ್ ಕಡೆಯ ಸೀಲಿನ ಹಾಗೇ ಕಾಣುತ್ತದೆ. ಇನ್ನೊಂದು ಬೆಲ್ಟ್ ಕಡೆಯ ಕ್ರ್ಯಾಂಕ್ ಸೀಲಿನದು, ಅಂದರೆ ಇಂಜಿನ್ನಿನ ಮುಖ್ಯ ದಂಡದ ಸೀಲು. ಬಾಟಲಿ ಔಷಧಿಗೆ ಬಗ್ಗಿದ್ದು ಇದೇ ಸೀಲು. ಆರು ಸಾವಿರ ಕೊಟ್ಟು ಗೇರ್‌ಬಾಕ್ಸ್ ಇಳಿಸಿದ್ದರೂ ಫರಸಿಯ ಮೇಲಿನ ಕಲೆ ಹೋಗುತ್ತಿರಲಿಲ್ಲ.

ಆಮೇಲೆ ಮೇಸ್ತ್ರಿ ಇಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದರು. ಒಳಗಿನಿಂದ ಹೊಗೆ ಬುಸ್ ಬುಸ್ ಅಂತ ಹೊರಗೆ ಬಂತು. "ಇದಕ್ಕ ಉಸಿರಾಡಾಕ ದಾರಿ ಇಲ್ರಿ. ಅದಕ್ಕ ಸಿಕ್ಕಸಿಕ್ಕಲ್ಲೆ ಎಣ್ಣಿ ಹೊರಗ ದಬ್ಬಾಕತ್ತೈತಿ." ಪಿಸ್ಟನ್ ಪಕ್ಕದಿಂದ ಸ್ವಲ್ಪ ಗಾಳಿ ಯಾವಾಗಲೂ ಕೆಳಗೆ ನುಸುಳುತ್ತದೆ. ಅದನ್ನು ವಾಪಸ್ ಎಳೆದುಕೊಳ್ಳೋಕೆ ಒಂದು ಪೈಪು, ಒಂದು ಪಿಸಿವಿ ವಾಲ್ವ್ ಇರುತ್ತದೆ. ನನ್ನ ಗಾಡಿಯಲ್ಲಿ ಪೈಪು ಒಳಗಡೆ ಗಟ್ಟಿ ಜಿಡ್ಡಿನಿಂದ ಕಟ್ಟಿತ್ತು. ವಾಲ್ವನ್ನು ಕಿವಿಯ ಹತ್ತಿರ ಅಲುಗಾಡಿಸಿದರೆ ಟಕಟಕ ಅನ್ನಬೇಕು. ನನ್ನದು ಮೂಕವಾಗಿತ್ತು. ಎಂಟು ತಿಂಗಳು ನಾನು ಬಾಗಿಲು ಮುಚ್ಚುವ ಉಪಾಯವನ್ನೇ ಹುಡುಕಿದ್ದೆ, ಒಳಗಿನಿಂದ ಯಾರು ತಳ್ಳುತ್ತಿದ್ದಾರೆ ಅಂತ ನೋಡಿರಲಿಲ್ಲ.

ಅವತ್ತು ಆದ ಕೆಲಸ ಇಷ್ಟು. ಹೊಸ ವಾಲ್ವು, ಪೈಪು, ಎರಡೂ ಸೇರಿ 350. ಟ್ಯಾಪೆಟ್ ಕವರಿಗೆ ಹೊಸ ಪ್ಯಾಕಿಂಗ್ 180. ತೊಳೆಯೋದು, ಕೂಲಿ 700. ಹಳೆ ಪೇಸ್ಟನ್ನು ಕೆರೆದು ತೆಗೆಯೋಕೇ ಜಾಸ್ತಿ ಹೊತ್ತು ಹಿಡಿಯಿತು. ಪಾಪ, ಒಂದು ಚೂರೂ ಒಳಗೆ ಬೀಳದ ಹಾಗೆ ಬಟ್ಟೆ ತುಂಬಿ ಕೆರೆದರು. ಹಳೆ ಪ್ಯಾಕಿಂಗ್ ಎರಡು ಕಡೆ ಸೀಳಿತ್ತು. ಅತಿಯಾಗಿ ಬಿಗಿದದ್ದರಿಂದ ಹಾಗಾಯಿತಂತೆ. ಹೊಸದನ್ನು ಹಾಕಿದಾಗ ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಲಿಲ್ಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಕೈ ಅಳತೆಯಲ್ಲಿ ನಿಲ್ಲಿಸಿದರು.

ಆಗಸ್ಟ್ ತಿಂಗಳ ಲೆಕ್ಕ 100 ಎಂಎಲ್. ಸಿಗ್ನಲ್‌ನಲ್ಲಿ ವಾಸನೆ ಇಲ್ಲ. 1,230 ರೂಪಾಯಿಗೆ 300 ಎಂಎಲ್ ನಿಂತಿತು.

ಉಳಿದದ್ದು ಬೆಲ್ಟ್ ಕಡೆಯ ಸೀಲು. ಹನಿ ಕಡಿಮೆಯಿದ್ದರೂ ಇದನ್ನು ಬಿಡೋಹಾಗಿಲ್ಲ. ಆಯಿಲ್ ತಾಗಿದರೆ ಟೈಮಿಂಗ್ ಬೆಲ್ಟ್ ಬೇಗ ಹಾಳಾಗುತ್ತದೆ. ಬೆಲ್ಟ್ ತುಂಡಾದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಬೈಪಾಸಿನಲ್ಲಿ ರಾತ್ರಿ ಲಾರಿಗಳ ನಡುವೆ ಹಾಗಾಗೋದನ್ನು ನೆನೆಸಿಕೊಂಡರೇ ಭಯ. ಸೀಲಿಗೆ 150 ರೂಪಾಯಿ, ಆದರೆ ಅಲ್ಲಿಗೆ ತಲುಪೋಕೆ ಬೆಲ್ಟ್ ಬಿಚ್ಚಲೇಬೇಕು. ನನ್ನ ಬೆಲ್ಟ್ ಬದಲಿಸುವ ಹೊತ್ತೂ ಬಂದಿತ್ತು. ಅಕ್ಟೋಬರಿನಲ್ಲಿ ಬೆಲ್ಟು, ಸೀಲು ಒಟ್ಟಿಗೇ ಮಾಡಿಸಿದೆ. ಕೂಲಿ ಸೇರಿ 2,900.

ಈಗ ತಿಂಗಳಿಗೆ 30 ಎಂಎಲ್ ಕೂಡ ಹಾಕುತ್ತಿಲ್ಲ. ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು: ಮೊದಲ 300 ರೂಪಾಯಿ ತೊಳೆಸೋಕೆ ಕೊಡಿ. ಪಿಸಿವಿ ವಾಲ್ವ್ ನೋಡಿಸಿ. ಆಮೇಲೆ ಪ್ಯಾಕಿಂಗೋ ಸೀಲೋ ಅಂತ ತೀರ್ಮಾನಿಸಿ. ಬಾಟಲಿಯನ್ನು ಒಂದೇ ಸಂದರ್ಭಕ್ಕೆ ಒಪ್ಪುತ್ತೇನೆ. ಸೋರುತ್ತಿರೋದು ರಬ್ಬರ್ ಸೀಲೇ ಅಂತ ಖಚಿತವಾಗಿದ್ದು, ಅದನ್ನು ಬದಲಿಸೋಕೆ ಗೇರ್‌ಬಾಕ್ಸ್ ಇಳಿಸಬೇಕಿದ್ದು, ಕೈಯಲ್ಲಿ ಈಗ ದುಡ್ಡಿಲ್ಲ ಅಂದರೆ ಕೆಲವು ತಿಂಗಳು ದೂಡೋಕೆ ಅದು ಆಗುತ್ತದೆ. ತಿಂಗಳಿಗೆ 100 ಎಂಎಲ್ ಒಳಗಿದ್ದು, ಎಕ್ಸಾಸ್ಟ್ ಮೇಲೂ ಬೆಲ್ಟ್ ಮೇಲೂ ಬೀಳದಿದ್ದರೆ, ಸುಮ್ನೆ ಆಯಿಲ್ ಹಾಕಿಕೊಂಡು ಓಡಿಸಿದರೂ ತಪ್ಪಿಲ್ಲ. ಡಿಪ್‌ಸ್ಟಿಕ್ ಮಾತ್ರ ವಾರಕ್ಕೊಮ್ಮೆ ನೋಡಲೇಬೇಕು.

ಗೇರ್‌ಬಾಕ್ಸ್ ಕಡೆಯ ಸೀಲಿನ ಹತ್ತಿರ ಈಗ ನಿಜವಾಗಿಯೂ ಸ್ವಲ್ಪ ಪಸೆ ಇದೆ. ವಾರಕ್ಕೆ ಒಂದು ಹನಿ ಬೀಳಬಹುದು. ಕ್ಲಚ್ ಪ್ಲೇಟ್ ಹಾಕಿಸುವಾಗ ಗೇರ್‌ಬಾಕ್ಸ್ ಹೇಗೂ ಇಳಿಯುತ್ತದೆ, ಆಗ ಮಾಡಿಸುತ್ತೇನೆ. ಅಲ್ಲಿವರೆಗೂ ರಟ್ಟು ಫರಸಿಯ ಮೇಲೆ ಇರಲಿ.