ಮೈಸೂರು, ಊಟಿ, ಧಾರವಾಡ: ಸಿಹಿಗೆಂದೇ ತುಮಕೂರಿನಿಂದ ಎತ್ತ ಹೊರಡಬೇಕು?

ಸಿಹಿ ತಿನ್ನಲೆಂದೇ ರಜೆ ಹಾಕುವವರಿಗೆ ತುಮಕೂರು ಅನುಕೂಲದ ಊರು. ಕುಣಿಗಲ್ ದಾರಿ ಹಿಡಿದರೆ ಮೈಸೂರು ಸುಮಾರು 150 ಕಿ.ಮೀ., ಅಲ್ಲಿಂದ ಮುಂದೆ ಊಟಿ ಇನ್ನೊಂದು 125. ಶಿರಾ ಕಡೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 48 ನೇರ ಧಾರವಾಡಕ್ಕೆ ಒಯ್ಯುತ್ತದೆ, ಸುಮಾರು 360 ಕಿ.ಮೀ. ಮೂರೂ ಕಡೆಯದನ್ನು ಅಂಗಡಿ ಮುಂದೆ ತಿಂದು, ಕಟ್ಟಿಸಿಕೊಂಡು ಬಂದು ಮನೆಯಲ್ಲೂ ತಿಂದು ಹೋಲಿಸಿದ್ದು ಇದು. ಅಲ್ಲಿ ಚೆನ್ನಾಗಿದ್ದದ್ದು ಊರು ಸೇರುವಷ್ಟರಲ್ಲಿ ಏನಾಗಿರುತ್ತದೆ ಎನ್ನುವುದಕ್ಕೇ ಹೆಚ್ಚು ಅಂಕ.

ಚಾಕೊಲೇಟ್ ಅಂದರೆ ಊಟಿ. ‘ಹೋಮ್‌ಮೇಡ್’ ಎನ್ನುವ ಬೋರ್ಡು ಅಲ್ಲಿ ಹೆಜ್ಜೆ ಹೆಜ್ಜೆಗೂ ಇದೆ. ಆದರೆ ಬಹಳಷ್ಟು ಅಂಗಡಿಗಳ ಮಾಲು ಕೋಕೋ ಬೀಜದಿಂದ ಶುರುವಾದದ್ದಲ್ಲ. ಸಿದ್ಧ ಗಟ್ಟಿಗಳನ್ನು ತಂದು, ಬಿಸಿನೀರಿನ ಪಾತ್ರೆಯ ಮೇಲೆ ಕರಗಿಸಿ, ಬಾದಾಮಿ, ಒಣದ್ರಾಕ್ಷಿ ಬೆರೆಸಿ ಅಚ್ಚಿಗೆ ಹೊಯ್ದದ್ದು. ಅದರಲ್ಲಿ ತಪ್ಪೇನಿಲ್ಲ, ಆ ಗಟ್ಟಿ ಎಂಥದು ಅನ್ನುವುದೇ ಪ್ರಶ್ನೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಬಾಯಿಯ ಬಿಸಿಯೇ ಸಾಕು. ಬೇರೆ ಸಸ್ಯಕೊಬ್ಬು ಹಾಕಿದ ಕಾಂಪೌಂಡ್ ಆದರೆ ಅಂಗುಳಿಗೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ರುಚಿಗೆ ಕೊಟ್ಟ ಚೂರನ್ನು ಅಗಿಯದೆ ನಾಲಗೆ ಮೇಲೆ ಬಿಟ್ಟು ನೋಡಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ಲೇಬಲ್ ಇದ್ದರೆ ‘ಕೋಕೋ ಬಟರ್’ ಇದೆಯೋ ‘ವೆಜಿಟೆಬಲ್ ಫ್ಯಾಟ್’ ಇದೆಯೋ ಓದಿ. ಎರಡಕ್ಕೂ ಒಂದೇ ಬೆಲೆ ಹೇಳುವ ಅಂಗಡಿಯಿಂದ ಮುಂದೆ ನಡೆಯಿರಿ.

ತಮಾಷೆ ಏನೆಂದರೆ, ಏಪ್ರಿಲ್ ಬಿಸಿಲಿನಲ್ಲಿ ತುಮಕೂರಿನವರೆಗೆ ಆಕಾರ ಕೆಡದೆ ಬರುವುದು ಹೆಚ್ಚಾಗಿ ಕಾಂಪೌಂಡೇ. ಅಸಲಿಯದು ದಾರಿಯಲ್ಲಿ ಕರಗಿ, ಮತ್ತೆ ಗಟ್ಟಿಯಾಗುವಾಗ ಮೇಲೆ ಬೂದುಬಿಳಿ ಪದರ ಕಟ್ಟುತ್ತದೆ. ಬೂಷ್ಟು ಅಂತ ಬಿಸಾಡಬೇಡಿ, ಅದು ಮೇಲೆ ಬಂದ ಕೊಬ್ಬು. ತಿನ್ನಬಹುದು, ನಯ ಮಾತ್ರ ಹೋಗಿರುತ್ತದೆ. ಐಸ್ ಪಕ್ಕ ಬಿಚ್ಚಿಟ್ಟರೆ ಇನ್ನೊಂದು ಪೇಚು: ಚಾಕೊಲೇಟ್ ಬೆವರಿ ಸಕ್ಕರೆ ಮೇಲಕ್ಕೆ ಬಂದು ತರಿತರಿಯಾಗುತ್ತದೆ. ಗಾಳಿಯಾಡದ ಡಬ್ಬಿಗೆ ಹಾಕಿ, ಡಬ್ಬಿಗೆ ಪೇಪರ್ ಸುತ್ತಿ, ಆಮೇಲೆ ಐಸ್ ಇರುವ ಪೆಟ್ಟಿಗೆಯಲ್ಲಿಡಿ. ಡಿಸೆಂಬರ್, ಜನವರಿಯಲ್ಲಿ ಹೋದರೆ ಇಷ್ಟು ಉಸಾಬರಿ ಬೇಡ. ಸ್ವಂತ ಗಾಡಿಯಾದರೆ ನೀಲಗಿರಿಗೆ ಇ-ಪಾಸ್ ಬೇಕು, 2024ರ ಮೇ ತಿಂಗಳಿಂದ ಈ ನಿಯಮ ಇದೆ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಾಗಾಗಿ ಒಂದೇ ದಿನದಲ್ಲಿ ಹೋಗಿಬರುವ ಆಸೆ ಬಿಡಿ.

ಒಂದೇ ದಿನ ಇದ್ದರೆ ಮೈಸೂರು. ಮೈಸೂರು ಪಾಕ್ ಮಾಡಿದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಗುರು ಸ್ವೀಟ್ಸ್ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡೇ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಊರಲ್ಲಿ ಮೆತ್ತನೆಯದೂ ಸಿಗುತ್ತದೆ, ಗೂಡುಗೂಡಾದ ಗಟ್ಟಿಯದೂ ಸಿಗುತ್ತದೆ. ಕಾಲು ಕಾಲು ಕೆ.ಜಿ. ಕಟ್ಟಿಸಿ. ಕುದಿಯುವ ತುಪ್ಪ ಬಿದ್ದಾಗ ಕಡಲೆಹಿಟ್ಟಿನ ಪಾಕ ನೊರೆಯೇಳುವುದರಿಂದ ಆ ಗೂಡುಗಳು. ಬಿಸಿ ನಡುವಿನಲ್ಲೇ ನಿಲ್ಲುವುದರಿಂದ ಒಳಪದರ ಕಂದಾಗುತ್ತದೆ. ಕತ್ತರಿಸಿದ ಕಡೆ ಆ ಕಂದು ಪಟ್ಟಿ ಕಂಡರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮೆತ್ತನೆಯದು ರಟ್ಟಿನ ಪೆಟ್ಟಿಗೆಯಲ್ಲಿ ತುಪ್ಪ ಬಿಡುತ್ತದೆ, ಸ್ಟೀಲ್ ಡಬ್ಬಿ ಜೊತೆಗಿರಲಿ. ಬರುವಾಗ ಮದ್ದೂರಿನಲ್ಲಿ ವಡೆ ತಿಂದರೆ ನಾಲಗೆಗೂ ಬದಲಾವಣೆ.

ಎರಡು ದಿನ ಸಿಕ್ಕರೆ ನಮ್ಮ ಓಟು ಧಾರವಾಡಕ್ಕೆ. ದೂರ ಹೆಚ್ಚು ನಿಜ, ಆದರೆ ಹುಬ್ಬಳ್ಳಿ ಕಡೆಯ ರೈಲುಗಳು ತುಮಕೂರಿನ ಮೇಲೇ ಹೋಗುತ್ತವೆ, ಗಾಡಿ ಓಡಿಸುವ ಸುಸ್ತಿಲ್ಲ. ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದವರು ಶುರುಮಾಡಿದ ಪೇಡ ಲೈನ್ ಬಜಾರಿನಲ್ಲಿ ಸಿಗುತ್ತದೆ. ಸರದಿ ನಿಲ್ಲುವ ಮನಸ್ಸಿರಲಿ. ಖೋವಾವನ್ನು ಕಂದು ಬರುವವರೆಗೆ ಹುರಿದು ನೀರಿನಂಶ ಆರಿಸಿರುವುದರಿಂದ ಬಿಸಿಲಿಗೂ ಜಗ್ಗುವುದಿಲ್ಲ. ಒಳ್ಳೆಯದು ಬೆರಳಲ್ಲಿ ಒತ್ತಿದರೆ ರವೆರವೆಯಾಗಿ ಪುಡಿಯಾಗುತ್ತದೆ, ಅಂಟಂಟಾಗಿ ಉಂಡೆ ಕಟ್ಟಿದರೆ ಹುರಿದದ್ದು ಸಾಲದು. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಬೆವರಿ ಬೂಷ್ಟು ಹಿಡಿಯುತ್ತದೆ, ಕಾಗದದ ಪೊಟ್ಟಣವೇ ವಾಸಿ.

ಇನ್ನೊಂದು 75 ಕಿ.ಮೀ. ಮುಂದೆ ಬೆಳಗಾವಿ. ಗೋಕಾಕದ ಕರದಂಟು ಅಲ್ಲೂ ಸಿಗುತ್ತದೆ. ಬೆಲ್ಲ, ಒಣಕೊಬ್ಬರಿ, ತುಪ್ಪದಲ್ಲಿ ಕರಿದ ಅಂಟು (ತಿನ್ನುವ ಗೋಂದು), ದ್ರಾಕ್ಷಿ ಗೋಡಂಬಿ ಸೇರಿದ್ದು, ವಾರಗಟ್ಟಲೆ ಇಟ್ಟರೂ ಕೆಡದು. ಅಂಟು ಒಳಗಿನವರೆಗೆ ಅರಳಿರದಿದ್ದರೆ ಮಾತ್ರ ಹಲ್ಲಿಗೆ ಹಿಡಿಯುತ್ತದೆ. ಬೆಳಗಾವಿಯದೇ ಆದ ಕುಂದಾ ಹಸಿ ಅಂಶ ಹೆಚ್ಚಿರುವ ಹಾಲಿನ ತಿನಿಸು. ಬೇಸಿಗೆಯಲ್ಲಿ ಕಟ್ಟಿಸಿಕೊಳ್ಳುವ ಗೋಜಿಗೆ ಹೋಗದೆ ಅಲ್ಲೇ ತಿಂದು ರೈಲು ಹತ್ತಿ.