‘ಅಂಗಡಿ ಮುಚ್ಚುತ್ತಿದ್ದೇವೆ’ ಎನ್ನುವ ರೈಡಿಂಗ್ ಕೋಟ್ ಜಾಹೀರಾತನ್ನು ನಂಬಬೇಡಿ

ಯುಕೆಯಲ್ಲಿರುವ ಕನ್ನಡಿಗರೇ, ನೀವಾಗಲಿ ನಿಮ್ಮ ಮಕ್ಕಳಾಗಲಿ ಕುದುರೆ ಸವಾರಿ ಮಾಡುವವರಾದರೆ ಇದನ್ನು ದಯವಿಟ್ಟು ಪೂರ್ತಿ ಓದಿ. ಚಳಿಗಾಲದ ರೈಡಿಂಗ್ ಕೋಟ್ ಹೆಸರಿನಲ್ಲಿ ನನಗೆ 79 ಪೌಂಡ್ ಟೋಪಿ ಹಾಕಿದ್ದಾರೆ. ದುಡ್ಡು ಹೋಗಿದ್ದಕ್ಕಿಂತ, ಆಮೇಲೆ ಅವರು ಬರೆದ ಉತ್ತರಗಳಿವೆಯಲ್ಲ, ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನಿರುವುದು ಯಾರ್ಕ್‌ಶೈರಿನಲ್ಲಿ. ಇಲ್ಲಿನ ಚಳಿ ಒಣ ಚಳಿಯಲ್ಲ. ಮೂರು ನಾಲ್ಕು ಡಿಗ್ರಿ, ಜೊತೆಗೆ ತುಂತುರು, ಅದರ ಮೇಲೆ ಬಯಲಿನ ಗಾಳಿ. ಕುದುರೆ ಮೇಲೆ ಕೂತಾಗ ಆ ಗಾಳಿ ನೇರ ಎದೆಗೆ ಹೊಡೆಯುತ್ತದೆ. ಮಾಮೂಲಿ ದಪ್ಪ ಕೋಟ್ ಹಾಕಿದರೆ ತೋಳು ಆಡುವುದಿಲ್ಲ, ಲಗಾಮು ಹಿಡಿದ ಕೈ ಬಿಗಿಯುತ್ತದೆ, ಟ್ರಾಟ್ (ಕುದುರೆಯ ಕುಲುಕು ಓಟ) ಶುರು ಮಾಡಿದ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಬೆವರು. ತೆಳ್ಳಗಿನದು ಹಾಕಿದರೆ ಲಾಯದಲ್ಲಿ ನಿಂತು ಕುದುರೆಯ ಮೈ ಉಜ್ಜುವಷ್ಟರಲ್ಲೇ ನಡುಕ. ಅದಕ್ಕೇ ಬೆಚ್ಚಗೂ ಇರಬೇಕು, ಹಗುರವಾಗಿಯೂ ಇರಬೇಕು ಎಂದು ಎಲ್ಲರೂ ಹುಡುಕುವುದು. ಒಳ್ಳೆಯದು ಬೇಕೆಂದರೆ ಸುಲಭವಾಗಿ 150 ಪೌಂಡ್ ದಾಟುತ್ತದೆ.

ಹೀಗೆ ಹುಡುಕುತ್ತಿದ್ದಾಗ ಫೇಸ್‌ಬುಕ್‌ನಲ್ಲಿ ಜಾಹೀರಾತು ಬಂತು. ಇಂಗ್ಲೆಂಡಿನ ಒಂದು ಹಳೇ ಪೇಟೆಯ ಹೆಸರು ಸೇರಿಸಿಕೊಂಡ ಅಂಗಡಿ. ವಯಸ್ಸಾದ ಗಂಡ ಹೆಂಡತಿಯ ಫೋಟೋ. ಎಷ್ಟೋ ವರ್ಷದಿಂದ ಕುಟುಂಬದವರೇ ನಡೆಸಿದ ಅಂಗಡಿ, ಈಗ ನಮಗೆ ಕೈಲಾಗುತ್ತಿಲ್ಲ, ಮುಚ್ಚುತ್ತಿದ್ದೇವೆ, ಉಳಿದ ಮಾಲು ಖಾಲಿ ಮಾಡುತ್ತಿದ್ದೇವೆ ಎಂದು ಕರುಳು ಕಿವುಚುವ ಹಾಗೆ ಬರೆದಿದ್ದರು. 189 ಪೌಂಡ್ ಎಂಬುದರ ಮೇಲೆ ಗೆರೆ ಎಳೆದು 79 ಎಂದು ಹಾಕಿದ್ದರು.

ವಿವರಣೆಯನ್ನಂತೂ ಕುದುರೆ ಹತ್ತಿದವರೇ ಬರೆದ ಹಾಗಿತ್ತು. 90% ಬಾತುಕೋಳಿ ಡೌನ್, ಅಂದರೆ ಅದರ ಮೆತ್ತನೆಯ ಒಳಪುಕ್ಕ. ತೂಕ 600 ಗ್ರಾಂ. ನೀರು ಇಳಿಯದ ಬಟ್ಟೆ. ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಜಿಪ್. ಬೆನ್ನ ಹಿಂದೆ ಎರಡು ಸೀಳು, ಬೇಕಾದಾಗ ಬಿಚ್ಚಿ ಜೀನಿನ ಎರಡೂ ಕಡೆ ಇಳಿಬಿಡುವಂಥದ್ದು. ಸವಾರಿ ಮಾಡುವವರಿಗೆ ಗೊತ್ತು, ಆ ಸೀಳು ಮತ್ತು ಆ ಜಿಪ್ ಇಲ್ಲದಿದ್ದರೆ ಕೂತ ತಕ್ಷಣ ಕೋಟ್ ಜೀನಿನ ಹಿಂಭಾಗಕ್ಕೆ ಒತ್ತಿ ಮೇಲೆ ಸರಿದು ಕುತ್ತಿಗೆಗೆ ಬರುತ್ತದೆ. ಫೋಟೋದಲ್ಲಿ ಎಲ್ಲವೂ ಇತ್ತು. ಹೆಂಗಸೊಬ್ಬಳು ಕುದುರೆ ಮೇಲೆ ನೆಟ್ಟಗೆ ಕೂತಿದ್ದಾಳೆ, ಕೋಟ್ ತೊಡೆಯ ಎರಡೂ ಕಡೆ ಚಂದಾಗಿ ಬಿದ್ದಿದೆ. ನಮ್ಮ ಯಾರ್ಡಿಗೆ ಬರುವ ಮಂಗಳೂರು ಕಡೆಯ ಹುಡುಗಿಗೂ ಲಿಂಕ್ ಕಳಿಸಿದೆ. ಅವಳೂ ಆರ್ಡರ್ ಮಾಡಿದಳು.

ವಾರಗಟ್ಟಲೆ ಸುದ್ದಿ ಇಲ್ಲ. ಕೊಟ್ಟ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿದರೆ ಪಾರ್ಸೆಲ್ ಹೊರಟಿದ್ದು ಚೀನಾದಿಂದ! ಆ ಇಂಗ್ಲೆಂಡಿನ ಅಜ್ಜ ಅಜ್ಜಿಯ ಅಂಗಡಿ ಚೀನಾದಲ್ಲಿ ಯಾಕಿರುತ್ತದೆ? ಆಗಲೇ ಎದೆ ಧಸಕ್ ಎಂದಿತು.

ಬಂದಿದ್ದು ಗಾಳಿ ತೆಗೆದು ಒತ್ತಿದ ಬೂದು ಪ್ಲಾಸ್ಟಿಕ್ ಚೀಲ. ಕತ್ತರಿಸಿದರೆ ರಾಸಾಯನಿಕ ವಾಸನೆ ಮೂಗಿಗೆ ಬಡಿಯಿತು. ಒಳಗಿನ ಚೀಟಿ ಓದಿದೆ. ಹೊರಬಟ್ಟೆ 100% ಪಾಲಿಯೆಸ್ಟರ್. ತುಂಬಿದ್ದು 100% ಪಾಲಿಯೆಸ್ಟರ್. ಡೌನ್ ಎಲ್ಲಿ? ಪಾಲಿಯೆಸ್ಟರ್ ತುಂಬಿದ ಒಳ್ಳೆಯ ಕೋಟ್‌ಗಳೂ ಇವೆ, ಅದು ಬೇರೆ ಮಾತು. ಇದು ಹಳೇ ದಿಂಬಿನ ಹಾಗೆ ಅಲ್ಲಲ್ಲಿ ಗಂಟು ಕಟ್ಟಿತ್ತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 1.3 ಕೆಜಿ. ಅವರು ಹೇಳಿದ್ದು 600 ಗ್ರಾಂ!

ನನಗೆ ಪೂರ್ತಿ ಮೋಸವಾಗಿದೆ ಎಂದು ಖಾತ್ರಿಯಾಗಿದ್ದು ಹಿಂದೆ ತಿರುಗಿಸಿ ನೋಡಿದಾಗ. ಸೀಳು ಇರಲೇ ಇಲ್ಲ. ಸೀಳು ಇರಬೇಕಾದ ಜಾಗದಲ್ಲಿ ಮೇಲೊಂದು ಹೊಲಿಗೆ ಹಾಕಿ, ಎರಡು ಗುಂಡಿ ಅಂಟಿಸಿದ್ದರು. ಗುಂಡಿ ತೆಗೆದರೆ ಅದರ ಕೆಳಗೆ ಬರೀ ಬಟ್ಟೆ. ಫೋಟೋ ನೋಡಿ ಸೀಳಿನ ಹಾಗೆ ಕಾಣಲಿ ಎಂದು ಮಾಡಿದ್ದು ಅಷ್ಟೇ. ಜಿಪ್ ಕೆಳಗಿನಿಂದ ತೆರೆಯುವುದಿಲ್ಲ. ಕೈ ಆಡಿಸಿದರೆ ಚರಪರ ಸದ್ದು. ನಮ್ಮ ಹೆಣ್ಣು ಕುದುರೆ ಪ್ಲಾಸ್ಟಿಕ್ ಚೀಲ ಹಾರಿದರೂ ಬೆದರುತ್ತದೆ. ಇದನ್ನು ಹಾಕಿಕೊಂಡು ಅದರ ಬೆನ್ನೇರುವುದು ಅಪಾಯ. ಸವಾರಿಗೆಂದು ಮಾರುವ ಬಟ್ಟೆ ಇದು, ಬಿದ್ದರೆ ಮೂಳೆ ಮುರಿಯುತ್ತದೆ ಎಂಬ ಯೋಚನೆಯೂ ಇಲ್ಲ ಈ ಜನಕ್ಕೆ.

ಮಾರನೇ ದಿನ ಆ ಹುಡುಗಿಗೂ ಅದೇ ಚೀಲ ಬಂತು. “ಅಕ್ಕಾ, ನೀವು ಕಳಿಸಿದ್ರಿ ಅಂತ ತಗೊಂಡೆ” ಎಂದಳು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಅವಳಿನ್ನೂ ಓದುತ್ತಿರುವವಳು. ಆ 79 ಪೌಂಡ್ ಅವಳಿಗೆ ಜಾಸ್ತಿಯೇ.

ಈಗ ಉತ್ತರಗಳು. ಫೋಟೋ ಸಮೇತ ಬರೆದೆ: ಡೌನ್ ಅಲ್ಲ, ತೂಕ ಎರಡರಷ್ಟಿದೆ, ಸೀಳಿಲ್ಲ, ನನ್ನ ದುಡ್ಡು ವಾಪಸ್ ಕೊಡಿ. ಉತ್ತರ ಬಂತು: “ಪ್ರೀತಿಯ ಗ್ರಾಹಕರೇ, ನಿಮಗಾದ ಬೇಸರ ಅರ್ಥವಾಗುತ್ತದೆ. ಕೋಟ್ ನೀವೇ ಇಟ್ಟುಕೊಳ್ಳಿ, ನಿಮಗೆ 20% ವಾಪಸ್ ಕೊಡುತ್ತೇವೆ. ಬೇಕಾದರೆ ಸ್ನೇಹಿತರಿಗೆ ಉಡುಗೊರೆ ಕೊಡಬಹುದು.” ಉಡುಗೊರೆ! ಒಪ್ಪುವುದಿಲ್ಲ ಎಂದೆ. “ಪ್ರೀತಿಯ ಗ್ರಾಹಕರೇ, ನಮ್ಮದು ಚಿಕ್ಕ ಅಂಗಡಿ, 30% ಕೊಡುತ್ತೇವೆ.” ಒಪ್ಪುವುದಿಲ್ಲ. “ಮ್ಯಾನೇಜರ್ ಹತ್ತಿರ ಜಗಳವಾಡಿ ನಿಮಗಾಗಿ 40% ಮಾಡಿಸಿದ್ದೇನೆ.” ಸಂತೆಯಲ್ಲಿ ಚೌಕಾಸಿ ನಡೆಯುತ್ತಿತ್ತಾ? ನಾನು ಕೇಳಿದ್ದು ನನ್ನ ಪೂರ್ತಿ ದುಡ್ಡು. ನಾನು ಸಿಟ್ಟಿನಲ್ಲಿ ಬರೆದಷ್ಟೂ ಅವರು ಸಕ್ಕರೆ ಸುರಿಸುತ್ತಿದ್ದರು. ತೂಕದ ಬಗ್ಗೆ ಒಂದು ಮಾತಿಲ್ಲ. ಸೀಳಿನ ಬಗ್ಗೆ ಒಂದು ಮಾತಿಲ್ಲ. ಒಂದೇ ಒಂದು ಮೇಲ್‌ನಲ್ಲೂ ಇಲ್ಲ! ಹಾಗಾದರೆ ವಾಪಸ್ ಕಳಿಸುತ್ತೇನೆ, ವಿಳಾಸ ಕೊಡಿ ಎಂದೆ. ಚೀನಾದ ಗೋದಾಮಿಗೆ ಕಳಿಸಬೇಕಂತೆ. ಖರ್ಚು ನನ್ನದಂತೆ. “ಖರ್ಚು ಕೋಟಿನ ಬೆಲೆಯ ಹತ್ತಿರ ಹೋಗಬಹುದು, ಆದ್ದರಿಂದ 40% ಒಪ್ಪಿಕೊಳ್ಳುವುದೇ ನಿಮಗೆ ಲಾಭ” ಎಂದು ಬುದ್ಧಿ ಬೇರೆ ಹೇಳಿದರು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಕಾನೂನು ನಮ್ಮ ಕಡೆಯೇ ಇದೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆಯೂ ರದ್ದು ಮಾಡಬಹುದು, 2013ರ ನಿಯಮ. ಹೇಳಿದ್ದೊಂದು ಕಳಿಸಿದ್ದೊಂದು ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ದುಡ್ಡು ಕೇಳಬಹುದು, ವಾಪಸ್ ಕಳಿಸುವ ಖರ್ಚೂ ಅವರದೇ. ಆದರೆ ಹಿಡಿಯಲು ಆಸಾಮಿಯೇ ಈ ದೇಶದಲ್ಲಿ ಇಲ್ಲವಲ್ಲ! ಕ್ರೆಡಿಟ್ ಕಾರ್ಡ್‌ನಲ್ಲಿ 100 ಪೌಂಡ್‌ಗಿಂತ ಜಾಸ್ತಿಯ ವಸ್ತು ಕೊಂಡಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರಂತೆ ಬ್ಯಾಂಕೂ ಹೊಣೆ. ಇದರ ಬೆಲೆ 79. ಬೇಕೆಂದೇ 100ರ ಕೆಳಗೆ ಇಟ್ಟಿದ್ದಾರೆ ಎಂದೇ ನನ್ನ ಗುಮಾನಿ.

ಕೊನೆಗೆ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್ ಹಾಕಿಸಿದೆ, ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ಕೇಳುವುದು. ಜಾಹೀರಾತಿನ ಸ್ಕ್ರೀನ್‌ಶಾಟ್, ಚೀಟಿಯ ಫೋಟೋ, ತಕ್ಕಡಿಯ ಫೋಟೋ, ಅವರ ಎಲ್ಲಾ ಮೇಲ್ ಕೊಟ್ಟೆ. ನೀವು ಅವರ 20 ಅಥವಾ 40% ಒಪ್ಪಿಕೊಂಡರೆ ವ್ಯವಹಾರ ಮುಗಿಯಿತು ಎಂದು ಅವರು ಬ್ಯಾಂಕಿಗೆ ತೋರಿಸುತ್ತಾರೆ. ಒಪ್ಪಬೇಡಿ. ಎಷ್ಟೇ ಸಿಹಿಯಾಗಿ ಬರೆದರೂ ಒಪ್ಪಬೇಡಿ. ಅವರು ದಿನ ತಳ್ಳುತ್ತಿದ್ದಾರೆ ಎನಿಸಿದ ಕೂಡಲೇ ಬ್ಯಾಂಕಿಗೆ ಹೋಗಿ. ಜನರಿಗೆ ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಸಹಾಯವಾಣಿಗೂ ಹೇಳಿ, ಅವರು ವ್ಯಾಪಾರದ ಮೋಸಗಳನ್ನು ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಇಲಾಖೆಗೆ ಮುಟ್ಟಿಸುತ್ತಾರೆ.

ಕೊಳ್ಳುವ ಮುಂಚೆ ವೆಬ್‌ಸೈಟಿನ ಕೆಳಗೆ ಕಂಪನಿ ನಂಬರ್ ಮತ್ತು ನೋಂದಾಯಿತ ವಿಳಾಸ ಇದೆಯಾ ನೋಡಿ. ಇಲ್ಲಿನ ಕಂಪನಿಯಾದರೆ ಹಾಕಲೇಬೇಕು, ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ ಕಂಪನೀಸ್ ಹೌಸ್‌ನ ಸೈಟಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಈ ಕಳ್ಳರ ಸೈಟಿನಲ್ಲಿ ಇದ್ದದ್ದು ಒಂದು ಇಮೇಲ್ ಮಾತ್ರ. ಜಾಹೀರಾತಿನ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಫೋಟೋ ಬೇರೆಲ್ಲಿದೆ ಎಂದು ಅದು ಹುಡುಕಿ ತೋರಿಸುತ್ತದೆ. ನಾನು ಹಾಕಿದಾಗ ಅದೇ ಕುದುರೆ, ಅದೇ ಹೆಂಗಸು ಬೇರೆ ಬೇರೆ ಊರಿನ ಹೆಸರಿನ ‘ಮುಚ್ಚುತ್ತಿರುವ’ ಅಂಗಡಿಗಳಲ್ಲಿ ಸಿಕ್ಕಿದರು. ಅದೇ ಕೋಟ್ ಚೀನಾದ ಸಗಟು ಸೈಟಿನಲ್ಲಿ 14 ಪೌಂಡ್.

ಕೋಟ್ ಬೇಕಿದ್ದರೆ ಹತ್ತಿರದ ಸ್ಯಾಡ್ಲರಿ (ಜೀನು, ಸವಾರಿ ಸಾಮಾನು ಮಾರುವ) ಅಂಗಡಿಗೆ ಹೋಗಿ, ಅಲ್ಲಿಟ್ಟಿರುವ ಜೀನಿನ ಮೇಲೆ ಕೂತು ನೋಡಿ ತಗೊಳ್ಳಿ. ಡೌನ್‌ಗೇ ಜೋತು ಬೀಳಬೇಡಿ. ಒದ್ದೆಯಾದರೆ ಅದು ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ. ಇಲ್ಲಿನ ತುಂತುರಿಗೆ ಪ್ರೈಮಾಲಾಫ್ಟ್ ಎಂಬ ಬ್ರ್ಯಾಂಡಿನ ತರಹದ ಸಿಂಥೆಟಿಕ್ ನಾರು ತುಂಬಿದ್ದೇ ವಾಸಿ.

ಬ್ಯಾಂಕ್ ಈಗ 79 ಪೌಂಡನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಿದೆ. ಅಂಗಡಿಯವರು ತಕರಾರು ಮಾಡಿದರೆ ಮತ್ತೆ ತೆಗೆಯಬಹುದಂತೆ. ಆ ಹುಡುಗಿಯ ಅರ್ಜಿ ಇನ್ನೂ ಮುಂದೆ ಹೋಗಿಲ್ಲ. ಇದೇ ಅಂಗಡಿಯವರು ನಿಮಗೂ ಮೋಸ ಮಾಡಿದ್ದರೆ, ಅವರು ಬರೆದ ಮೇಲ್‌ಗಳು ನಿಮ್ಮ ಹತ್ತಿರ ಇದ್ದರೆ, ನನಗೆ ಕಳಿಸಿ. ಅವಳ ಅರ್ಜಿಯ ಜೊತೆ ಸೇರಿಸಿ ಬ್ಯಾಂಕಿಗೆ ಕೊಡುತ್ತೇನೆ.